ಗೆರೆ ಮುಟ್ಟಿದ ಚೆಂಡು ಔಟ್ ಅಂತ ಯಾಕೆ ಕಾಣುತ್ತದೆ?

ಪ್ರಶ್ನೆ: ಸರ್, ನಾನು ಮೈಸೂರಿನವಳು, ವಯಸ್ಸು 47. ನಮ್ಮ ಅಪಾರ್ಟ್‌ಮೆಂಟಿನ ಹಳೇ ಬ್ಯಾಡ್ಮಿಂಟನ್ ಕೋರ್ಟಿನಲ್ಲೇ ಪಿಕಲ್‌ಬಾಲ್ (ಪ್ಯಾಡಲ್ ಹಿಡಿದು ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ) ಗೆರೆ ಹಾಕಿಕೊಂಡು ಒಂದು ವರ್ಷದಿಂದ ದಿನಾ ಬೆಳಗ್ಗೆ ಆಡುತ್ತೇವೆ. ಗುಂಪಿನಲ್ಲಿ ಒಬ್ಬರು ಹಿರಿಯರಿದ್ದಾರೆ. ಒಳ್ಳೆಯವರೇ. ಆದರೆ ಗೆರೆ ಹತ್ತಿರ ಬಿದ್ದದ್ದೆಲ್ಲ ಅವರಿಗೆ ಔಟ್. ಕಳೆದ ಭಾನುವಾರ ನಾವು 9, ಅವರು 10. ಸರ್ವ್ ಅವರದ್ದು. ನಾನು ಕಿಚನ್ (ನೆಟ್ಟಿನ ಮುಂದಿನ, ವಾಲಿ ಹೊಡೆಯಬಾರದ ಜಾಗ) ಗೆರೆ ಹತ್ತಿರ ನಿಂತು ಅವರ ತಲೆ ಮೇಲೆ ಲಾಬ್ ಎತ್ತಿದೆ. ಅವರು ಹಿಂದಕ್ಕೆ ಓಡಿದರು, ಚೆಂಡು ಸಿಗಲಿಲ್ಲ, ‘ಔಟ್’ ಅಂದರು. ಅವರ ಪಾರ್ಟ್ನರ್ರೇ ‘ನನಗೆ ಇನ್ ಅನ್ನಿಸ್ತಲ್ಲ’ ಅಂದರು. ‘ಹತ್ತಿರ ಇದ್ದದ್ದು ನಾನು’ ಅಂತ ಇವರು ಪಟ್ಟು ಹಿಡಿದರು. ಹೊರಗೆ ಕೂತಿದ್ದವರಲ್ಲಿ ಆ ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ಹಿಂದಿನ ಬೆಂಚಿನವರು ಇನ್ ಅಂದರು, ನನ್ನ ಹಿಂದೆ ಕೂತಿದ್ದವರು ಔಟ್ ಅಂದರು. ‘ಮತ್ತೆ ಆಡಿ’ ಅಂತ ಒಬ್ಬರು. ನಾನು ಪ್ಯಾಡಲ್ ಎತ್ತಿಕೊಂಡು ಮನೆಗೆ ಬಂದೆ. ಗೆರೆ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ವಾರದಿಂದ ನಾವಿಬ್ಬರೂ ಮಾತಾಡಿಲ್ಲ. ಅವರು ಮೋಸ ಮಾಡುತ್ತಿದ್ದಾರಾ? ಇಂಥ ಹೊತ್ತಲ್ಲಿ ನಿಯಮ ಏನು? ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದರೆ ಸರಿಹೋಗುತ್ತದಾ?

ಉತ್ತರ: ಮೇಡಂ, ಮೊದಲು ನಿಮ್ಮ ಭಾನುವಾರದ ಜಗಳ ಮುಗಿಸೋಣ, ಯಾಕೆಂದರೆ ಅದಕ್ಕೆ ನಿಯಮದಲ್ಲಿ ನೇರ ಉತ್ತರ ಇದೆ. ಆ ಚೆಂಡು ಇನ್. ಅದು ನಿಜವಾಗಿ ಎಲ್ಲಿ ಬಿತ್ತು ಅನ್ನುವುದು ಇಲ್ಲಿ ಬೇಕಾಗಿಯೇ ಇಲ್ಲ. ಡಬಲ್ಸ್‌ನಲ್ಲಿ ಒಬ್ಬ ಪಾರ್ಟ್ನರ್ ಔಟ್ ಅಂದು ಇನ್ನೊಬ್ಬರು ಇನ್ ಅಂದರೆ ಅಲ್ಲಿಗೆ ಅನುಮಾನ ಹುಟ್ಟಿತು. ಅನುಮಾನ ಹುಟ್ಟಿದ ಚೆಂಡು ಇನ್. ಯಾರು ಹತ್ತಿರ ಇದ್ದರು, ಯಾರು ಹಿರಿಯರು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ರ‍್ಯಾಲಿ ನಿಮ್ಮದಾಗಬೇಕಿತ್ತು, ಆಟ ಮುಂದುವರಿಯಬೇಕಿತ್ತು.

ಆದರೆ ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಮಾತು. ಒಂದು, ಅವರು ಮೋಸ ಮಾಡುತ್ತಿದ್ದಾರಾ ಅನ್ನುವುದು. ಇನ್ನೊಂದು, ‘ಕಣ್ಣಾರೆ ಕಂಡಿದ್ದೇನೆ’ ಅನ್ನುವುದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಗೆರೆ ಹತ್ತಿರದ ಚೆಂಡಿಗೆ ಅದು ಅಕ್ಷರಶಃ ನಿಜ. ನಾನು ಬ್ಯಾಡ್ಮಿಂಟನ್ ಲೈನ್ ಜಡ್ಜ್ ಆಗಿ ಕುರ್ಚಿಯಲ್ಲಿ ಕೂತು ಶುರು ಮಾಡಿದವನು. ಈಗ ಪಿಕಲ್‌ಬಾಲ್ ಕಲಿಸುತ್ತೇನೆ, ಟೂರ್ನಿಗಳಲ್ಲಿ ರೆಫರಿ ಕೆಲಸ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ನನಗೆ ಖಚಿತವಾದದ್ದು ಒಂದೇ. ಮನುಷ್ಯನ ಕಣ್ಣು ‘ಔಟ್’ ಕಡೆಗೆ ವಾಲುತ್ತದೆ. ಪ್ರಾಮಾಣಿಕರ ಕಣ್ಣೂ ಅಷ್ಟೇ.

ಅದು ಯಾಕೆ ಅಂತ ಹೇಳುತ್ತೇನೆ. ನೀವು ಕೋರ್ಟ್ ಒಳಗೆ ನಿಂತು ಹೊರಗಿನ ಗೆರೆ ಕಡೆ ನೋಡುತ್ತಿದ್ದೀರಿ ಅಂದುಕೊಳ್ಳಿ. ಕಣ್ಣು ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿದೆ. ಗೆರೆ 4 ಮೀಟರ್ ದೂರ. ಚೆಂಡು ಸರಿಯಾಗಿ ಗೆರೆಯ ಮೇಲೇ ಇದೆ, ಆದರೆ ನೆಲಕ್ಕಿಂತ 10 ಸೆಂಟಿಮೀಟರ್ ಮೇಲಿದೆ. ಆ ಕ್ಷಣ ಅದು ನಿಮಗೆ ಗೆರೆಯಿಂದ ಸುಮಾರು 29 ಸೆಂಟಿಮೀಟರ್ ಆಚೆ ಇರುವ ಹಾಗೆ ಕಾಣುತ್ತದೆ. ಹತ್ತಿರ ಹತ್ತಿರ ಒಂದಡಿ! ಯಾಕೆಂದರೆ ನಿಮ್ಮ ನೋಟ ಚೆಂಡನ್ನು ದಾಟಿ ಓರೆಯಾಗಿ ಇಳಿದು, ಆಚೆಯ ನೆಲವನ್ನು ಮುಟ್ಟುತ್ತದೆ. ಚೆಂಡು ನೆಲದಲ್ಲಿರುವ ಆ ಚೂರು ಹೊತ್ತನ್ನು ಬಿಟ್ಟರೆ, ಅದಕ್ಕೆ ಮುಂಚೆಯೂ ಆಮೇಲೂ ಕಣ್ಣಿಗೆ ಸಿಗುವ ಚಿತ್ರ ಎಲ್ಲ ಔಟೇ.

ಇದೇ ಲೆಕ್ಕವನ್ನು ನಿಮ್ಮ ಬೆಂಚುಗಳಿಗೆ ಹಾಕಿ ನೋಡಿ. ಬೇಸ್‌ಲೈನ್ ಹಿಂದೆ ಕೂತವರು ಹೊರಗಿನಿಂದ ಒಳಗೆ ನೋಡುತ್ತಾರೆ. ಅವರಿಗೆ ಗಾಳಿಯಲ್ಲಿರುವ ಚೆಂಡು ಕೋರ್ಟ್ ಒಳಕ್ಕೆ ಸರಿದ ಹಾಗೆ ಕಾಣುತ್ತದೆ, ಇನ್ ಅಂದರು. ನಿಮ್ಮ ಹಿಂದೆ ಕೂತವರಿಗೆ ಅದೇ ಚೆಂಡು ಆಚೆ ಕಂಡಿತು, ಔಟ್ ಅಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಕೂತ ಜಾಗ ಅವರ ಕೈಲಿ ಹಾಗೆ ಹೇಳಿಸಿತು. ನೋಡುವವರನ್ನು ಕೇಳಬಾರದು ಅಂತ ನಿಯಮ ಇರುವುದು ಇದಕ್ಕೇ.

ಇದರ ಜೊತೆಗೆ ಮಿದುಳಿನ ಕೆಲಸವೂ ಸೇರುತ್ತದೆ. ಓಡುವ ವಸ್ತುವನ್ನು ನಾವು ಅದು ಇರುವ ಜಾಗಕ್ಕಿಂತ ಸ್ವಲ್ಪ ಮುಂದೆ ಕಾಣುತ್ತೇವೆ, ಅದು ಹೋಗುತ್ತಿರುವ ದಿಕ್ಕಿನಲ್ಲಿ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಸಂಶೋಧಕರು ವಿಂಬಲ್ಡನ್ ಪಂದ್ಯಗಳ ವಿಡಿಯೊ ಇಟ್ಟುಕೊಂಡು ಇದನ್ನು ಹುಡುಕಿದರು. ಅವರಿಗೆ ಸಿಕ್ಕ ತಪ್ಪು ಕಾಲ್‌ಗಳು 83. ಅದರಲ್ಲಿ 70 ಒಂದೇ ಥರದ ತಪ್ಪು: ಒಳಗೆ ಬಿದ್ದದ್ದನ್ನು ಔಟ್ ಅಂದದ್ದು. ಬರೀ ತಪ್ಪಾಗಿದ್ದರೆ ಎರಡೂ ಕಡೆ ಸಮ ಇರಬೇಕಿತ್ತು ಅಲ್ವಾ? ಅವರೆಲ್ಲ ತರಬೇತಿ ಪಡೆದವರು, ಅಲುಗದೆ ಗೆರೆಯನ್ನೇ ನೋಡುವವರು. ಅದೇ ವಿಂಬಲ್ಡನ್ 2025ರಲ್ಲಿ ಲೈನ್ ಜಡ್ಜ್‌ಗಳನ್ನು ಪೂರ್ತಿ ಕೈಬಿಟ್ಟು ಕ್ಯಾಮೆರಾಗಳಿಗೆ ಆ ಕೆಲಸ ಕೊಟ್ಟಿತು. ಅಂಥವರಿಗೇ ಹೀಗೆ ಅಂದರೆ, ಬೆಳಗ್ಗೆ ಆರೂವರೆಗೆ ಆಡುತ್ತಾ ಆಡುತ್ತಾ ಕಾಲ್ ಮಾಡುವ ನಮ್ಮ ಗತಿ ಯೋಚಿಸಿ.

ಈಗ ನಿಮ್ಮ ಹಿರಿಯರ ಜಾಗದಲ್ಲಿ ನಿಂತು ನೋಡಿ. ಕಿಚನ್ ಹತ್ತಿರ ಇದ್ದರು. ಚೆಂಡು ತಲೆ ಮೇಲೆ ಹೋಯಿತು. ತಿರುಗಿ ಓಡಿದರು. ಓಡುವಾಗ ತಲೆ ಅಲುಗುತ್ತದೆ, ಕಣ್ಣು ಚೆಂಡಿನಿಂದ ಗೆರೆಗೆ ಜಿಗಿಯುತ್ತದೆ, ಆ ಜಿಗಿತದ ಹೊತ್ತಿನಲ್ಲಿ ನಮಗೆ ಏನೂ ಸರಿಯಾಗಿ ಕಾಣುವುದಿಲ್ಲ. ಅವರಿಗೆ ಮೊದಲು ಸ್ಪಷ್ಟವಾಗಿ ಕಂಡ ಚೆಂಡು ಬಹುಶಃ ಪುಟಿದು ಮೇಲೆದ್ದ ಚೆಂಡು. ಅದು ಆಗಲೇ ಬೇಸ್‌ಲೈನ್ ದಾಟಿತ್ತು. ಹತ್ತಿರ ಇದ್ದೆ ಅಂದರು, ಅದು ನಿಜ. ಆದರೆ ಓಡುತ್ತಾ ಹತ್ತಿರ ಇರುವವರಿಗಿಂತ ನಿಂತು ದೂರ ಇರುವವರ ಕಣ್ಣು ಎಷ್ಟೋ ಸಲ ವಾಸಿ. ಅವರ ಪಾರ್ಟ್ನರ್ ಓಡುತ್ತಿರಲಿಲ್ಲ.

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಣ್ಣಿನ ಬಗ್ಗೆಯೂ ಹೇಳಲೇಬೇಕು. ಕೋರ್ಟ್ 44 ಅಡಿ ಉದ್ದ. ನೆಟ್ಟಿನಿಂದ 7 ಅಡಿ ಕಿಚನ್. ನೀವು ನಿಮ್ಮ ಕಿಚನ್ ಗೆರೆಯಲ್ಲಿದ್ದಿರಿ ಅಂದರೆ ಆಚೆಯ ಬೇಸ್‌ಲೈನ್ 29 ಅಡಿ ದೂರ, ಸುಮಾರು 9 ಮೀಟರ್. ಗೆರೆಯ ಅಗಲ 2 ಇಂಚು, ಅಂದರೆ 5 ಸೆಂಟಿಮೀಟರ್. ಅಷ್ಟು ದೂರದಿಂದ ಓರೆಯಾಗಿ ನೋಡಿದಾಗ ಆ 5 ಸೆಂಟಿಮೀಟರ್ ನಿಮ್ಮ ಕಣ್ಣಿಗೆ ಒಂದು ಸೆಂಟಿಮೀಟರ್‌ಗಿಂತ ಕಮ್ಮಿ ದಪ್ಪದ ಪಟ್ಟಿ. ಅದರ ಮೇಲೆ ಚೆಂಡು ಮುಟ್ಟಿತೋ, ಅದರ ಹಿಂದೆ ಮುಟ್ಟಿತೋ ಅಂತ ಅಲ್ಲಿಂದ ಹೇಳುವುದು ನನ್ನ ಕೈಲೂ ಆಗುವುದಿಲ್ಲ. ಚೆನ್ನಾಗಿ ಹೊಡೆದೆ ಅನ್ನುವ ಭಾವನೆ ಕೈಯಲ್ಲಿ ಇತ್ತು, ಅದು ಕಣ್ಣಿಗೂ ಬಂತು. ಎಲ್ಲರಿಗೂ ಹಾಗೇ ಆಗುತ್ತದೆ. ನನಗೂ ಆಗಿದೆ. ಒಮ್ಮೆ ಆಡುವಾಗ ಸೈಡ್‌ಲೈನ್‌ಗೆ ಬಂದ ಚೆಂಡನ್ನು ಪೂರ್ತಿ ನಂಬಿಕೆಯಿಂದ ಔಟ್ ಅಂದೆ. ಗೆರೆಯ ತುದಿಯಲ್ಲಿ ವಿದ್ಯಾರ್ಥಿಯೊಬ್ಬ ಸ್ಲೋ ಮೋಷನ್‌ನಲ್ಲಿ ತೆಗೆದ ವಿಡಿಯೊ ನೋಡಿದರೆ ಚೆಂಡು ಬಿದ್ದದ್ದು ಗೆರೆಯ ನಟ್ಟನಡುವೆ. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಖಚಿತವಾಗಿ ಕಂಡದ್ದು ಹೇಗೆ ಸುಳ್ಳಾಯಿತು ಅಂತ.

ಆಟದ ನಿಯಮ ನಿಂತಿರುವುದೇ ಈ ದೌರ್ಬಲ್ಯದ ಮೇಲೆ. ಪಿಕಲ್‌ಬಾಲ್ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಬೈನ್‌ಬ್ರಿಜ್ ದ್ವೀಪದ ಒಂದು ಮನೆಯ ಹಿತ್ತಲಲ್ಲಿ, ಮನೆಮಂದಿ ಆಡುವುದಕ್ಕೆ ಅಂತ. ಅಲ್ಲಿ ಅಂಪೈರ್ ಎಲ್ಲಿಂದ ಬರಬೇಕು? ಇವತ್ತಿಗೂ ಬಹುಪಾಲು ಆಟದಲ್ಲಿ ನಮ್ಮ ಕಡೆಯ ಗೆರೆಗೆ ನಾವೇ ಜವಾಬ್ದಾರಿ. ಯುಎಸ್‌ಎ ಪಿಕಲ್‌ಬಾಲ್ ಸಂಸ್ಥೆಯ ನಿಯಮ ಪುಸ್ತಕ ಹೇಳುವುದು ಇಷ್ಟು: ಗೆರೆಗೂ ಚೆಂಡಿಗೂ ನಡುವೆ ಜಾಗ ಸ್ಪಷ್ಟವಾಗಿ ಕಂಡರೆ ಮಾತ್ರ ಔಟ್ ಅನ್ನಿ. ಔಟ್ ಅಂತ ಖಚಿತವಾಗಿ ಹೇಳಲಾಗದ ಚೆಂಡು ಇನ್. ಅನುಮಾನದ ಲಾಭ ಯಾವಾಗಲೂ ಎದುರಾಳಿಗೆ. ಇದನ್ನು ದೊಡ್ಡ ಮನಸ್ಸಿನ ಮಾತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಇದು ತಕ್ಕಡಿ ಸರಿ ಮಾಡುವ ಕೆಲಸ. ಕಣ್ಣು ಆಗಲೇ ಔಟ್ ಕಡೆ ವಾಲಿದೆ, ನಿಯಮ ಅದನ್ನು ಇನ್ ಕಡೆ ಎಳೆಯುತ್ತದೆ.

ಈ ನಿಯಮವನ್ನು ಕಣ್ಣಲ್ಲೇ ಕಾಣಬೇಕು ಅಂದರೆ ನಾಳೆ ಬೆಳಗ್ಗೆ ಆಟಕ್ಕೆ ಮುಂಚೆ ಎಲ್ಲರನ್ನೂ ಕರೆದು ಒಂದು ಸಣ್ಣ ಪ್ರಯೋಗ ಮಾಡಿ. ಒಂದು ಚೆಂಡನ್ನು ಬೇಸ್‌ಲೈನ್ ಹೊರಗೆ ಇಡಿ, ಅದರ ತಳ ನೆಲ ಮುಟ್ಟುವ ಜಾಗ ಗೆರೆಯಿಂದ ಒಂದು ಇಂಚು ಆಚೆ ಇರಲಿ. ಇದು ನಿಜವಾಗಿ ಔಟ್, ಯಾಕೆಂದರೆ ಲೆಕ್ಕಕ್ಕೆ ಬರುವುದು ನೆಲ ಮುಟ್ಟಿದ ಬಿಂದು. ಈಗ ನೇರ ಮೇಲಿಂದ ಬಗ್ಗಿ ನೋಡಿ. ಚೆಂಡಿನ ಅಡ್ಡಳತೆ ಸುಮಾರು 3 ಇಂಚು. ಅದರ ಹೊಟ್ಟೆ ಗೆರೆಯ ಮೇಲೆ ಚಾಚಿರುತ್ತದೆ, ನಡುವೆ ಜಾಗವೇ ಕಾಣುವುದಿಲ್ಲ. ಆಮೇಲೆ ಬೇಸ್‌ಲೈನಿನ ತುದಿಗೆ ಹೋಗಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಗೆರೆಯ ಉದ್ದಕ್ಕೂ ನೋಡಿ. ಚೆಂಡಿನ ತಳಕ್ಕೂ ಬಿಳಿ ಬಣ್ಣಕ್ಕೂ ನಡುವೆ ಬೆಳಕು ತೂರುವ ಸಂದು ಕಾಣುತ್ತದೆ. ಅದೇ ಚೆಂಡು, ಅದೇ ಜಾಗ. ಟೆನಿಸ್ ಚೆಂಡಾದರೆ ಬಿದ್ದಾಗ ಚಪ್ಪಟೆಯಾಗಿ ಜಾಸ್ತಿ ನೆಲ ಮುಟ್ಟುತ್ತದೆ. ನಮ್ಮದು ಗಟ್ಟಿ ಪ್ಲಾಸ್ಟಿಕ್, ಮುಟ್ಟುವ ಜಾಗ ತುಂಬಾ ಚಿಕ್ಕದು. ಗುರುತೂ ಉಳಿಯುವುದಿಲ್ಲ. ಆಟದ ಮಧ್ಯೆ ಇಂಥ ಚೆಂಡು ಬಂದರೆ ನಿಂತ ಎತ್ತರದಿಂದ ಸಂದು ಕಾಣದು. ಕಾಣದಿದ್ದರೆ ಇನ್ ಅನ್ನಬೇಕು, ಅಷ್ಟೇ. ಈ ಪ್ರಯೋಗ ಮಾಡಿದ ಗುಂಪಿನಲ್ಲಿ ಜಗಳ ಅರ್ಧ ಕಮ್ಮಿಯಾದದ್ದನ್ನು ನಾನು ನೋಡಿದ್ದೇನೆ.

ಗೆರೆ ಮುಟ್ಟಿದರೆ ಇನ್ ಅನ್ನುವುದು ನಮ್ಮ ಜನಕ್ಕೆ ಸ್ವಲ್ಪ ತಡವಾಗಿ ಮನಸ್ಸಿಗೆ ಇಳಿಯುತ್ತದೆ. ಚಿಕ್ಕಂದಿನಿಂದ ಕುಂಟೆಬಿಲ್ಲೆ ಆಡಿ ‘ಗೆರೆ ತುಳಿದೆ, ಔಟ್’ ಅಂತ ಕಲಿತವರು ನಾವು. ಇಲ್ಲಿ ಕುಂಟೆಬಿಲ್ಲೆಯ ನಿಯಮ ನಡೆಯುವುದು ಮುಖ್ಯವಾಗಿ ಕಿಚನ್ ಗೆರೆಯಲ್ಲಿ. ಆ ಗೆರೆ ಕಿಚನ್‌ಗೇ ಸೇರಿದ್ದು. ವಾಲಿ, ಅಂದರೆ ನೆಲಕ್ಕೆ ಬೀಳುವ ಮುಂಚೆ ಗಾಳಿಯಲ್ಲೇ ಚೆಂಡು, ಹೊಡೆಯುವಾಗ ಕಾಲು ಅದನ್ನು ಮುಟ್ಟಿದರೆ ಫಾಲ್ಟ್. ಸರ್ವ್ ಮಾಡಿದ ಚೆಂಡು ಆ ಗೆರೆ ಮೇಲೆ ಬಿದ್ದರೂ ಫಾಲ್ಟ್. ಸರ್ವ್ ಬೇರೆ ಯಾವ ಗೆರೆ ಮುಟ್ಟಿದರೂ ಇನ್.

ನಿಮ್ಮದು ಹಳೇ ಬ್ಯಾಡ್ಮಿಂಟನ್ ಕೋರ್ಟ್ ಅಂತ ಬರೆದಿದ್ದೀರಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡೂ ಆಟಕ್ಕೆ ಹೊರ ಅಳತೆ ಒಂದೇ, 20 ಅಡಿಗೆ 44 ಅಡಿ. ಅದರಿಂದ ಹೊರಗೆರೆಯಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಮುಂದೆ. ಬ್ಯಾಡ್ಮಿಂಟನ್‌ನ ಶಾರ್ಟ್ ಸರ್ವೀಸ್ ಗೆರೆ ನೆಟ್ಟಿನಿಂದ ಆರೂವರೆ ಅಡಿ. ಕಿಚನ್ ಗೆರೆ 7 ಅಡಿ. ಎರಡು ಗೆರೆಗೆ ನಡುವೆ ಬರೀ ಅರ್ಧ ಅಡಿ. ಸರ್ವ್ ಆ ಅರ್ಧ ಅಡಿಯಲ್ಲಿ ಬಿದ್ದಾಗ ಒಬ್ಬರು ಒಂದು ಗೆರೆ ನೋಡಿರುತ್ತಾರೆ, ಇನ್ನೊಬ್ಬರು ಇನ್ನೊಂದು. ಪಿಕಲ್‌ಬಾಲ್ ಗೆರೆಗೆ ಪೂರ್ತಿ ಬೇರೆ ಬಣ್ಣ ಹಾಕಿಸಿ. ಟೇಪ್ ಅಂಟಿಸಿದ್ದರೆ ಅದರ ಅಂಚು ಎದ್ದಿದೆಯಾ ಅಂತ ಆಗಾಗ ನೋಡಿ. ಎದ್ದ ಅಂಚಿಗೆ ಚೆಂಡು ತಾಗಿದರೆ ಎತ್ತಲೋ ಜಾರುತ್ತದೆ.

ಇನ್ನು ಸರಿಯಾಗಿ ನೋಡುವುದು ಹೇಗೆ. ಗೆರೆಯನ್ನು ಅಡ್ಡಕ್ಕೆ ನೋಡುವವರಿಗಿಂತ ಉದ್ದಕ್ಕೆ ನೋಡುವವರ ಕಾಲ್ ನಂಬಬಹುದು. ಸರ್ವ್ ಬರುವಾಗ ರಿಸೀವರ್‌ನ ಪಾರ್ಟ್ನರ್ ಕಿಚನ್ ಗೆರೆಯಲ್ಲೇ ನಿಂತಿರುತ್ತಾರೆ, ಆ ಗೆರೆ ಅವರ ಪಾಲು. ಚೆಂಡು ಹೊಡೆಯಲು ಓಡುವವರು ಹೊಡೆತದ ಮೇಲೆ ಗಮನ ಇಡಲಿ, ಕಾಲ್ ಪಾರ್ಟ್ನರ್‌ಗೆ ಬಿಡಲಿ. ಲೈನ್ ಜಡ್ಜ್‌ಗಳಿಗೆ ಮೊದಲು ಕಲಿಸುವುದು ಚೆಂಡಿನ ಹಿಂದೆ ಕಣ್ಣು ಓಡಿಸಬಾರದು ಅಂತ. ಚೆಂಡು ಎಲ್ಲಿಗೆ ಬರುತ್ತದೆ ಅಂತ ಗೊತ್ತಾದ ತಕ್ಷಣ ಕಣ್ಣನ್ನು ಮುಂಚೆಯೇ ಗೆರೆಗೆ ಕಳಿಸಿ, ಅಲ್ಲಿ ಅಲುಗದೆ ಕಾಯಬೇಕು. ಚೆಂಡು ತಾನಾಗಿ ಆ ನೋಟದೊಳಗೆ ಬರಲಿ. ಬೆಳಗಿನ ಬಿಸಿಲಲ್ಲಿ ಇನ್ನೊಂದು ಸಹಾಯ ಇದೆ, ನೆರಳು. ಚೆಂಡೂ ನೆರಳೂ ಬಂದು ಕೂಡುವ ಜಾಗವೇ ನೆಲ ಮುಟ್ಟಿದ ಜಾಗ. ರಾತ್ರಿ ನಾಲ್ಕು ಕಡೆ ಫ್ಲಡ್‌ಲೈಟ್ ಇದ್ದರೆ ನಾಲ್ಕು ನೆರಳು ಬೀಳುತ್ತವೆ, ಆಗ ಅದನ್ನು ನಂಬಬೇಡಿ.

ಬಾಯಿಂದ ಬರುವ ಮಾತಿನಲ್ಲೂ ಒಂದು ಶಿಸ್ತು ಬೇಕು. ಚೆಂಡು ಇನ್ನೂ ಗಾಳಿಯಲ್ಲಿರುವಾಗ ಪಾರ್ಟ್ನರ್‌ಗೆ ‘ಔಟ್, ಔಟ್’ ಅಂತ ಕೂಗುತ್ತೇವಲ್ಲ, ನಿಯಮದಲ್ಲಿ ಅದು ಕಾಲ್ ಅಲ್ಲ, ಪಾರ್ಟ್ನರ್ ಜೊತೆಗಿನ ಮಾತು. ಚೆಂಡು ಒಳಗೆ ಬಿದ್ದರೆ ಆಟ ಮುಂದುವರಿಯಬೇಕು. ಆದರೆ ಎದುರಿನವರು ಅದನ್ನೇ ಕಾಲ್ ಅಂದುಕೊಂಡು ನಿಂತುಬಿಡುತ್ತಾರೆ. ನಮ್ಮ ಕೋರ್ಟಿನಲ್ಲಿ ಗಾಳಿಯಲ್ಲಿದ್ದಾಗ ‘ಬಿಡು, ಬಿಡು’, ಬಿದ್ದ ಮೇಲೆ ಮಾತ್ರ ‘ಔಟ್’ ಅಂತ ರೂಢಿ ಮಾಡಿಕೊಂಡಿದ್ದೇವೆ. ಗೊಂದಲ ಹೋಗಿದೆ.

ನೀವು ಕೇಳಿದ ದಾರಿಗಳಿಗೆ ಬರೋಣ. ‘ಮತ್ತೆ ಆಡಿ’ ಅನ್ನುವುದು ಕೇಳುವುದಕ್ಕೆ ಸಮಾಧಾನದ ಮಾತು, ಆದರೆ ಗೆರೆಯ ಅನುಮಾನಕ್ಕೆ ನಿಯಮದಲ್ಲಿ ಅದು ಇಲ್ಲ. ಅದರಲ್ಲಿ ಒಂದು ಅನ್ಯಾಯವೂ ಇದೆ. ನಿಯಮದ ಪ್ರಕಾರ ನಿಮಗೆ ಸಿಗಬೇಕಾದ ರ‍್ಯಾಲಿಯನ್ನು ಕಿತ್ತು ಅರ್ಧ ಕೊಟ್ಟ ಹಾಗೆ. ಅಭ್ಯಾಸವಾದರೆ ಸೋಲುವ ಹೊತ್ತಿಗೆಲ್ಲ ಅನುಮಾನ ಹುಟ್ಟತೊಡಗುತ್ತದೆ.

ಎದುರಾಳಿಯನ್ನೇ ಕೇಳುವುದು ನಿಯಮದಲ್ಲಿ ಇದೆ. ‘ನಮಗೆ ಕಾಣಲಿಲ್ಲ, ನೀವು ನೋಡಿದಿರಾ?’ ಅಂತ. ಅವರು ಸ್ಪಷ್ಟವಾಗಿ ಇನ್ ಅಥವಾ ಔಟ್ ಅಂದರೆ ಒಪ್ಪಲೇಬೇಕು. ಅವರಿಗೂ ಗೊತ್ತಿಲ್ಲ ಅಂದರೆ ಇನ್. ಕೇಳಿದ ಮೇಲೆ ನಿಮ್ಮ ಕಾಲ್ ವಾಪಸ್ ಬರುವುದಿಲ್ಲ, ಅದು ನೆನಪಿರಲಿ. ಯಾರಾದರೂ ನಿಮ್ಮನ್ನು ಹೀಗೆ ಕೇಳಿದರೆ, 29 ಅಡಿ ದೂರದ ಚೆಂಡಿಗೆ ‘ನನಗೂ ಕಾಣಲಿಲ್ಲ’ ಅನ್ನುವ ಧೈರ್ಯ ಇರಲಿ.

ಮೊಬೈಲ್ ರೆಕಾರ್ಡಿಂಗ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಚೆಂಡು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದರೆ, ಸೆಕೆಂಡಿಗೆ 30 ಚಿತ್ರ ತೆಗೆಯುವ ವಿಡಿಯೊದಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಅದು ಸುಮಾರು 37 ಸೆಂಟಿಮೀಟರ್ ಓಡಿರುತ್ತದೆ. ನೆಲ ಮುಟ್ಟಿದ ಕ್ಷಣ ಆ ಎರಡು ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಮೂಲೆಯಲ್ಲಿ ನಿಲ್ಲಿಸಿದ ಫೋನಿಗೂ ಬೆಂಚಿನವರ ಹಾಗೇ ಓರೆ ನೋಟ. ದೊಡ್ಡ ವೃತ್ತಿಪರ ಟೂರ್ನಿಗಳಲ್ಲಿ ವಿಡಿಯೊ ರಿವ್ಯೂ ಇದೆ, ಅದಕ್ಕೆ ಬೇರೆ ಕ್ಯಾಮೆರಾಗಳು ಬೇಕು. ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಕಾಲ್ ಪರೀಕ್ಷೆ ಮಾಡಲು ಫೋನ್ ಇಟ್ಟರೆ, ಆ ದಿನದಿಂದ ಅವರು ಆಪಾದಿತರು. ಕಲಿಯುವುದಕ್ಕೆ ಬಳಸಿ. ಗೆರೆಯ ತುದಿಯಲ್ಲಿ, ನೆಲದ ಮಟ್ಟದಲ್ಲಿ, ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ಗೆ ಇಟ್ಟು, ಎಲ್ಲರೂ ಸರದಿಯಲ್ಲಿ ಕಾಲ್ ಮಾಡಿ, ಆಮೇಲೆ ಒಟ್ಟಿಗೆ ನೋಡಿ. ಆಗ ಯಾರೊಬ್ಬರೂ ಗುರಿಯಾಗುವುದಿಲ್ಲ.

ಹಾಗಾದರೆ ಮೋಸ ಮಾಡುವವರೇ ಇಲ್ಲವಾ? ಇದ್ದಾರೆ, ಕಮ್ಮಿ. ನಾನು ಗಮನಿಸುವುದು ಕಾಲ್ ಬಂದ ಹೊತ್ತನ್ನು. ಚೆಂಡು ಬಿದ್ದ ತಕ್ಷಣ ಬಂದ ತಪ್ಪು ಕಾಲ್ ಬಹುತೇಕ ಕಣ್ಣಿನ ತಪ್ಪು. ತಾನು ಹೊಡೆದ ಚೆಂಡು ನೆಟ್ಟಿಗೆ ಹೋದ ಮೇಲೆ ನೆನಪಾಗುವ ಔಟ್ ಬೇರೆ. ನಿಯಮವೂ ಕಾಲ್ ತಕ್ಷಣ ಬರಬೇಕು ಅನ್ನುತ್ತದೆ. ಇನ್ನೊಂದು, ತಮ್ಮ ಪಾರ್ಟ್ನರ್ ಔಟ್ ಅಂದದ್ದನ್ನು ಎಂದಾದರೂ ‘ಇಲ್ಲ, ಇನ್ ಇತ್ತು’ ಅಂತ ಅವರು ತಿದ್ದಿದ್ದಾರಾ? ಒಮ್ಮೆಯಾದರೂ ತಿದ್ದಿದ್ದರೆ ಅವರನ್ನು ನಾನು ಅನುಮಾನಿಸುವುದಿಲ್ಲ. ನಿಮ್ಮ ಹಿರಿಯರು ಪ್ರತಿ ಸಲ ತಡವಾಗಿ, ಸ್ಕೋರು ನೋಡಿ ಕಾಲ್ ಮಾಡುವವರಾದರೆ, ಸ್ಕೋರ್ ಇಡುವ ಆಟದಲ್ಲಿ ಅವರ ಎದುರು ನಿಲ್ಲುವುದನ್ನು ಸುಮ್ನೆ ಕಮ್ಮಿ ಮಾಡಿ. ಗುಂಪಿನಲ್ಲಿ ಪಂಚಾಯಿತಿ ಕೂಡಿಸಬೇಡಿ. ಅದರಿಂದ ಕಾಲ್ ಸುಧಾರಿಸಿದ್ದನ್ನು ನಾನು ಕಂಡಿಲ್ಲ, ಗುಂಪು ಒಡೆದದ್ದನ್ನು ಕಂಡಿದ್ದೇನೆ.

ಆದರೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಅವರು ಅಲ್ಲೇ, ತಕ್ಷಣ ಔಟ್ ಅಂದರು. ನನಗೆ ಅವರು ಹಿಂದಕ್ಕೆ ಓಡಿದ ಒಬ್ಬ ಹಿರಿಯರ ಹಾಗೆ ಕಾಣುತ್ತಾರೆ, ಕಳ್ಳರ ಹಾಗಲ್ಲ. ಅಂದಹಾಗೆ ತಿರುಗಿ ಓಡಿ ಅವರು ಬೀಳಲಿಲ್ಲವಲ್ಲ, ಅದು ದೊಡ್ಡದು. ಈ ವಯಸ್ಸಿನವರು ಲಾಬ್ ಹಿಂದೆ ಓಡುವಾಗ ಬಿದ್ದರೆ ಮಣಿಕಟ್ಟು ಮುರಿಯಬಹುದು. ಮೊದಲು ಆ ಮಾತಿಂದ ಶುರು ಮಾಡಿ. ಒಬ್ಬರೇ ಇದ್ದಾಗ, ಕಾಫಿ ಹೊತ್ತಲ್ಲಿ, ‘ಸರ್, ಅವತ್ತು ಅಷ್ಟು ಜೋರಾಗಿ ಓಡಿದಿರಿ, ಮಂಡಿ ಹೇಗಿದೆ?’ ಅಂತ ಕೇಳಿ. ಆಮೇಲೆ, ‘ಆ ಚೆಂಡು ನನಗೂ ಅಲ್ಲಿಂದ ಸರಿಯಾಗಿ ಕಂಡಿರಲಾರದು. ನಾಳೆ ಆಟಕ್ಕೆ ಮುಂಚೆ ಗೆರೆ ಹತ್ತಿರ ಒಂದು ಚೆಂಡಿಟ್ಟು ಎಲ್ಲರೂ ನೋಡೋಣ, ಬರ್ತೀರಾ?’ ಅನ್ನಿ. ಚೆಂಡನ್ನು ಅವರ ಕೈಯಿಂದಲೇ ಇಡಿಸಿ.